ಹನ್ನೆರಡೂವರೆಯ ಎರರ್

ಹುಣಸೇಗುಡ್ಡ, ಸಂಡೂರು ತಾಲ್ಲೂಕು
12 ಜೂನ್ 1998

ಗವಿಸಿದ್ದಣ್ಣನಿಗೆ,

ಕ್ಷೇಮ ಸಮಾಚಾರ ಆಮೇಲೆ. ನೀನು ಕೊಟ್ಟ ಲ್ಯಾಪ್‌ಟಾಪ್ ಎರಡು ವಾರದಲ್ಲಿ ಮೂರನೆಯ ಸಲ ಕೈಕೊಟ್ಟಿದೆ. ಇದ್ದಕ್ಕಿದ್ದಂತೆ ಪರದೆ ನೀಲಿಯಾಗುತ್ತದೆ. ಒಳಗೆ ಕಟಕಟ ಹಲ್ಲು ಕಡಿದ ಸದ್ದು. ಆಮೇಲೆ ಒಂದು ಸಾಲು: ಡ್ರೈವ್ ಸಿ ಓದಲಾಗುತ್ತಿಲ್ಲ. ಅದರ ಕೆಳಗೆ ಮೂರು ದಾರಿ: ಅಬಾರ್ಟ್, ರೀಟ್ರೈ, ಫೇಲ್. ಬಿಟ್ಟುಬಿಡು, ಇನ್ನೊಮ್ಮೆ ಬಾ, ನಪಾಸಾಗು. ಇಪ್ಪತ್ತು ವರ್ಷದಿಂದ ನಾನು ನಿಂತ ಕಚೇರಿ ಕಿಟಕಿಗಳಲ್ಲೆಲ್ಲ ಇವೇ ಮೂರು ಉತ್ತರ ಸಿಕ್ಕಿವೆ. ಅದನ್ನೇ ಕೇಳಲು ಮನೆಯಲ್ಲೊಂದು ಯಂತ್ರ ಬೇಕಿತ್ತೇ?

ಇದನ್ನು ಹಾಡು ಕೇಳಲು ಇಟ್ಟುಕೊಂಡಿಲ್ಲ ಎಂದು ನಿನಗೆ ಗೊತ್ತು. ಗಣಿಯ ಬ್ಲಾಸ್ಟಿಂಗಿಗೆ ಗೋಡೆ ಬಿರುಕು ಬಿಟ್ಟ ನಲವತ್ತಮೂರು ಮನೆಗಳ ಹೇಳಿಕೆ ಇದರೊಳಗೆ ಹೋಗಬೇಕು. ಕೈಯಲ್ಲಿ ಬರೆದುಕೊಟ್ಟ ಕಟ್ಟು ಎರಡು ಸಲ ಕಳೆದುಹೋಯಿತು. ಎಲ್ಲಿ, ಯಾರ ಮೇಜಿನ ಕೆಳಗೆ ಎಂದು ಯಾರೂ ಹೇಳಲಿಲ್ಲ. ಈ ಸಲ ಎಷ್ಟು ಕಳೆದರೂ ಮತ್ತೆ ಮುದ್ರಿಸಿ ಮುಖದ ಮುಂದೆ ಹಿಡಿಯಬೇಕು ಎಂದೇ ಯಂತ್ರ ಕೇಳಿದ್ದು. ಡಿಸೆಂಬರಿನಲ್ಲಿ ವಿಚಾರಣೆ. ಅಷ್ಟರಲ್ಲಿ ಹೇಳಿಕೆಗಳು ಪೂರ್ತಿಯಾಗದಿದ್ದರೆ, "ನಿಮ್ಮ ಜನ ಏನೂ ಹೇಳಿಯೇ ಇಲ್ಲ" ಎಂದು ಕಡತ ಮುಚ್ಚುತ್ತಾರೆ.

ನೀನು ಚಿತ್ತವಾಡ್ಗಿಯಲ್ಲಿ ರಿಪೇರಿ ಅಂಗಡಿ ಇಟ್ಟವನು. ಹೊಸಪೇಟೆಯಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಒಂದು ಸಲ ಬಂದು ನೋಡು.

ಹುಲುಗಮ್ಮ

●

ಚಿತ್ತವಾಡ್ಗಿ, ಹೊಸಪೇಟೆ
20 ಜೂನ್ 1998

ತಂಗಿ ಹುಲುಗಮ್ಮ,

ಸಿಟ್ಟು ಇಳಿಸು. ಮೊದಲು ಒಳಗೆ ಏನಿದೆ ತಿಳಿದುಕೋ. ಹಾರ್ಡ್ ಡಿಸ್ಕ್ ಎಂದರೆ ಗಿರಗಿರ ತಿರುಗುವ ಒಂದು ತಟ್ಟೆ. ಅದರ ಮೇಲೆ ಒಂದು ಮುಳ್ಳು, ತಟ್ಟೆಗೆ ತಾಗದ ಹಾಗೆ, ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓಡಾಡುತ್ತ ಬರೆಯುತ್ತದೆ, ಓದುತ್ತದೆ. ತಾಗಿತೋ, ಆ ಜಾಗ ಸತ್ತಿತು. ಬ್ಯಾಡ್ ಸೆಕ್ಟರ್ ಎನ್ನುತ್ತೇವೆ. ಕಂಪ್ಲಿ ಕಡೆ ಕಾಲುವೆ ನೀರು ಕುಡಿದೂ ಕುಡಿದೂ ಗದ್ದೆಯಲ್ಲಿ ಚೌಳು ಏಳುತ್ತದಲ್ಲ, ಹಾಗೆ. ಅಲ್ಲಿ ಇನ್ನು ಏನೂ ಬೆಳೆಯುವುದಿಲ್ಲ, ಸುತ್ತ ಬದು ಹಾಕಿ ಬಿಟ್ಟುಬಿಡಬೇಕು. ಸ್ಕ್ಯಾನ್‌ಡಿಸ್ಕ್ ಎಂಬುದು ಆ ಬದು ಹಾಕುವ ಕೆಲಸಗಾರ. ಪೂರ್ತಿ ಓಡಿಸು, ಮೂರು ಗಂಟೆ ಹಿಡಿಯುತ್ತದೆ, ನಡುವೆ ಎದ್ದು ಆಫ್ ಮಾಡಬೇಡ.

ಕಾರಣ ನನಗೆ ಅಂದಾಜಿದೆ. ಕಂಪ್ಲಿಯ ರೈಸ್‌ಮಿಲ್ಲಿನ ದೊಡ್ಡಬಸಪ್ಪನವರು ಎರಡು ಬೆಳೆ ಚೆನ್ನಾಗಿ ಬಂದ ಹುರುಪಿನಲ್ಲಿ ಅದನ್ನು ಕೊಂಡವರು. ಒಂದು ದಿನವೂ ಬಳಸಲಿಲ್ಲ, ಪ್ರತಿ ಅಮಾವಾಸ್ಯೆಗೆ ಪೂಜೆ ಮಾತ್ರ ತಪ್ಪಿಸಲಿಲ್ಲ. ನನ್ನ ಕೈಗೆ ಬಂದಾಗ ಕೀಲಿಗಳ ಸಂದಿಯಲ್ಲಿ ಅರಿಶಿನ, ಕುಂಕುಮ, ಮೂರು ಅಕ್ಷತೆ ಕಾಳು. "ಇದ್ರಾಗ ಏನೂ ಇಲ್ರಿ, ಬರೀ ದೇವ್ರ ಮಾಲಿ" ಎಂದು ಕೊಟ್ಟರು. ಎಷ್ಟೇ ಬ್ರಷ್ ಹಾಕಿದರೂ ಒಳಗೆ ಉಳಿದಿರಬೇಕು.

ಒಂದು ಸ್ಟೆಬಿಲೈಜರ್ ಹಾಕು. ಒಂದು ನೋಟ್‌ಬುಕ್ ಇಡು. ಎರರ್ ಬಂದಾಗಲೆಲ್ಲ ದಿನ, ಗಂಟೆ, ಆಗ ಏನು ಮಾಡುತ್ತಿದ್ದೆ ಎಂದು ಬರೆ. ಅದಿಲ್ಲದೆ ರಿಪೇರಿಯಿಲ್ಲ.

ಅಂಗಡಿ ಬಿಟ್ಟು ಬರಲಾಗುವುದಿಲ್ಲ. ನನ್ನ ಮನೆಯಾಕೆ ಸಂಗಮ್ಮ ಒಬ್ಬಳೇ ಗಿರಾಕಿಗಳನ್ನು ನೋಡಿಕೊಳ್ಳಲಾರಳು.

ಗವಿಸಿದ್ದಪ್ಪ

●

ಹುಣಸೇಗುಡ್ಡ
9 ಜುಲೈ 1998

ಗವಿಸಿದ್ದಣ್ಣ,

ಕುಂಕುಮದ ಕಥೆ ಸಾಕು. ಸ್ಕ್ಯಾನ್ ಓಡಿಸಿದೆ. ಮೂರು ಗಂಟೆಯಲ್ಲ, ಐದು ಗಂಟೆ. ಹನ್ನೊಂದು ಕಡೆ ಬದು ಹಾಕಿತು. ಮರುದಿನ ಹೊಸದಾಗಿ ನಾಲ್ಕು. ಸ್ಟೆಬಿಲೈಜರ್ ತಂದೆ, ಅದು ಮೂಲೆಯಲ್ಲಿ ಗುಂಯ್ ಎನ್ನುತ್ತ ಕುಳಿತಿದೆ, ಅದರ ಉಪಕಾರ ಅಷ್ಟೆ. ನಮ್ಮೂರಲ್ಲಿ ಕರೆಂಟಿನ ಹಣೆಬರಹ ನಿನಗೆ ಗೊತ್ತಿಲ್ಲ. ಸಂಜೆ ನಾಲ್ಕರಿಂದ ಏಳರವರೆಗೆ ಇರುವುದೇ ಇಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ದೊಡ್ಡಬಸಪ್ಪನವರ ಮನೆಯಲ್ಲೇ ಸತ್ತಿತ್ತು. ಹಾಗಾಗಿ ಹೊಲಿಗೆಗೆ ಕೂರುವ ಮೊದಲು ಬೆಳಗ್ಗೆ ಎರಡು ಗಂಟೆ, ಹನ್ನೊಂದರ ಮೇಲೆ ಎರಡು ಗಂಟೆ, ಇಷ್ಟೇ ನನ್ನ ಕೆಲಸ.

ಯಮನಮ್ಮ ನೆನಪಿದ್ದಾಳೆಯೇ? ನಾವು ಘೋಷಣೆ ಕೂಗುತ್ತ ನಡೆದ ಜಾಥಾದಲ್ಲಿ ನಮಗೆಲ್ಲ ರೊಟ್ಟಿ ಬಡಿದುಕೊಟ್ಟವಳು. ಎರಡು ವರ್ಷದ ಹಿಂದೆ ಅವಳ ಹಿತ್ತಲ ಗೋಡೆ ಅವಳ ಮೇಲೇ ಬಿತ್ತು. ಬಲಗೈಯ ಬೆರಳು ಈಗ ಮಡಚುವುದಿಲ್ಲ. ನಲವತ್ತಮೂರರಲ್ಲಿ ಅವಳದೇ ದೊಡ್ಡ ಹೇಳಿಕೆ. ಮೊದಲನೆಯ ಸಲ ಹೇಳಿದ್ದು ಮೇ ತಿಂಗಳಲ್ಲಿ ಹೋಯಿತು. ಮೊನ್ನೆ ಕೂರಿಸಿಕೊಂಡು ಎರಡನೆಯ ಸಲ ಬರೆದೆ. ಮುಗಿಯುತ್ತ ಬಂದಿತ್ತು. ಸೈರನ್ ಆಯಿತು, ಇಬ್ಬರೂ ಹೋಗಿ ಗಡಿಗೆ ಹಿಡಿದು, ಬಿಟ್ಟು ತಿರುಗಿ ನೋಡಿದರೆ ಪರದೆ ನೀಲಿ!

ಯಮನಮ್ಮ ಪರದೆ ನೋಡಿದಳು, ನನ್ನ ಮುಖ ನೋಡಿದಳು. "ಏನವಾ, ನಿನ್ ಡಬ್ಬಿಗೆ ನನ್ ಮಾತಂದ್ರ ಅಷ್ಟ್ ರುಚಿಯೇನು? ಮಂದಿದೆಲ್ಲ ಬಿಟ್ಟು ನಂದೇ ತಿಂತತಲ್ಲ!" ಎಂದಳು. ಇನ್ನೊಮ್ಮೆ ಹೇಳು ಅಂದೆ. "ಒಲ್ಲೆ. ಎರಡು ಸಲ ಆ ಗ್ವಾಡಿ ನನ್ ಮ್ಯಾಲೆ ಕೆಡವಿದಿ. ಮೂರ್ನೇದ್ದು ಒಲ್ಲೆ" ಎಂದು ಎದ್ದುಹೋದಳು.

ಈಗ ಹೇಳು, ಇದಕ್ಕೆ ಯಾವ ಸ್ಕ್ಯಾನ್ ಓಡಿಸಲಿ?

ಬಾ ಅಂದರೆ ಸಂಗಮ್ಮನನ್ನು ಅಡ್ಡ ಹಿಡಿಯುತ್ತೀಯ. ಆಕೆ ಗಂಡಸರ ನಾಲ್ಕು ಅಂಗಡಿ ನಡೆಸಬಲ್ಲವಳು.

ಹುಲುಗಮ್ಮ

●

ಚಿತ್ತವಾಡ್ಗಿ
18 ಜುಲೈ 1998

ತಂಗಿ,

ಯಮನಮ್ಮನ ರೊಟ್ಟಿ ಮರೆಯುವಂಥದ್ದಲ್ಲ. ಅವಳ ಕೈ ಸುದ್ದಿ ನನಗೆ ತಿಳಿದಿರಲಿಲ್ಲ.

ನಿಮ್ಮೂರಿನ ಕೆಂಪು ಧೂಳು ಅದಿರಿನ ಧೂಳು, ಯಂತ್ರಕ್ಕೆ ಒಳ್ಳೆಯದಲ್ಲ. ಮೇಲೆ ಒದ್ದೆ ಬಟ್ಟೆ ಹೊದಿಸಬೇಡ, ಒಣ ಬಟ್ಟೆ ಹೊದಿಸು. ಅದನ್ನು ಎಲ್ಲಿ ಇಟ್ಟಿದ್ದೀಯ? ಗೋಡೆಗೆ ಬಡಿದ ಹಲಗೆ ಮೇಲೆ ಇಟ್ಟಿದ್ದರೆ ತೆಗೆದು ನೆಲದ ಮೇಲೆ ಇಡು. ಕೆಳಗೆ ಒಂದು ಕೌದಿ ಹಾಸು. ಶಾಖಕ್ಕೆ ಒಳ್ಳೆಯದು.

ಹತ್ತು ಫ್ಲಾಪಿ ಕಳಿಸಿದ್ದೇನೆ. ಪ್ರತಿ ಹೇಳಿಕೆ ಮುಗಿದ ಕೂಡಲೇ ಅದರ ಮೇಲೂ ಒಂದು ಪ್ರತಿ ಇಳಿಸು. ಫ್ಲಾಪಿಗಳನ್ನು ಸ್ಟೆಬಿಲೈಜರಿನ ಮೇಲೆ ಇಡಬೇಡ, ಒಳಗಿನ ಅಯಸ್ಕಾಂತ ಅಳಿಸಿಬಿಡುತ್ತದೆ.

ಬರುವುದು ಈಗ ಬೇಡ. ಮುಂದೆ ನೋಡೋಣ.

ಗವಿಸಿದ್ದಪ್ಪ

●

ಹುಣಸೇಗುಡ್ಡ
21 ಆಗಸ್ಟ್ 1998

ಅಣ್ಣಾ,

ನಿನ್ನ ಕಾಗದ ಮುಟ್ಟುವ ಮೊದಲೇ ಫ್ಲಾಪಿಗಳು ಮುಟ್ಟಿದವು, ಮುಟ್ಟಿದ ದಿನವೇ ಅವುಗಳನ್ನು ಸ್ಟೆಬಿಲೈಜರಿನ ಮೇಲೆ ಇಟ್ಟಿದ್ದೆ. ನಗಬೇಡ.

ಕೌದಿ ಹಾಸಿ ನೆಲದ ಮೇಲೆ ಇಟ್ಟೆ. ಕೌದಿಯೊಳಗೆ ಹುದುಗಿ ಅದರ ಉಸಿರುಕಟ್ಟಿತು, ಒಲೆ ಮೇಲಿನ ಹಂಚಿನಂತೆ ಕಾದು ಅರ್ಧ ಗಂಟೆಗೆ ತಾನೇ ಆರಿಹೋಯಿತು. ಶಾಖಕ್ಕೆ ಒಳ್ಳೆಯದು ಎಂದೆಯಲ್ಲ, ಹೌದು, ಶಾಖಕ್ಕೇ ಒಳ್ಳೆಯದು. ಮತ್ತೆ ಹಲಗೆ ಮೇಲೇ ಇಟ್ಟಿದ್ದೇನೆ. ಅಲ್ಲಿ ನಿಂತುಕೊಂಡೇ ಬರೆಯುತ್ತೇನೆ, ಹಲಗೆಯ ಇನ್ನೊಂದು ತುದಿಯಲ್ಲಿ ಗಡಿಗೆಗಳು.

ಬರೆದಿಟ್ಟದ್ದು ನೋಡು:

ಆಗಸ್ಟ್ 3, ಸೋಮವಾರ, 12.35. ಮುದುಕಮ್ಮನ ಹೇಳಿಕೆ, ಎರಡನೆಯ ಪುಟ.
5, ಬುಧವಾರ, 12.32. ಏನೂ ಬರೆಯುತ್ತಿರಲಿಲ್ಲ, ಸುಮ್ಮನೆ ಆನ್ ಇತ್ತು.
6, ಗುರುವಾರ, 12.40.
10, ಸೋಮವಾರ, 12.33. ಫ್ಲಾಪಿಗೆ ಇಳಿಸುವಾಗ. ಫ್ಲಾಪಿಯದೂ ಹೋಯಿತು.
12, ಬುಧವಾರ, 12.36.
17, ಸೋಮವಾರ, 12.31.

ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಹಾಲು ಕರೆಯುವ ಎಮ್ಮೆಯ ಹಾಗೆ ಸುಮ್ಮನಿರುತ್ತದೆ. ಊಟದ ಹೊತ್ತಿಗೇ ಅದಕ್ಕೆ ಎಲ್ಲಿಲ್ಲದ ರೋಗ. ಮಂಗಳವಾರ ಮಾತ್ರ ಮುಟ್ಟುವುದಿಲ್ಲ. ಯಮನಮ್ಮ, "ಮಂಗಳ್ವಾರ ಒಂದೊಪ್ಪತ್ತು ಮಾಡ್ತತಿ ಕಾಣ್ತತಿ. ಪೂಜಿ ಮಾಡಿಸ್ಕಂಡ ಡಬ್ಬಿ ಅಲ್ಲೇನು" ಎಂದು ಓಣಿಗೆಲ್ಲ ಹೇಳಿಕೊಂಡು ನಗುತ್ತಾಳೆ. ಮಧ್ಯಾಹ್ನ ಕ್ರಷರುಗಳು ಓಡಿ ಕರೆಂಟು ಕುಸಿಯುತ್ತದೆಯೋ ಏನೋ. ನೀನೇ ಹೇಳಬೇಕು.

ನಲವತ್ತಮೂರರಲ್ಲಿ ಅಳಿಯದೆ ಉಳಿದಿರುವುದು ಒಂಬತ್ತೇ ಹೇಳಿಕೆ. ಡಿಸೆಂಬರಿಗೆ ಮೂರೂವರೆ ತಿಂಗಳು. ಜಾಥಾದಲ್ಲಿ ಕಂಪ್ಲಿ ದಾಟಿದ ಮೇಲೆ ಮೈಕ್ ಕೆಟ್ಟಾಗ ಕಾಲುವೆ ದಂಡೆಯ ಮೇಲೆ ಕುಳಿತು, ಪಿನ್ನು ಮತ್ತು ಸಿಗರೇಟಿನ ಕಾಗದದಿಂದ ಸರಿಮಾಡಿದ ಗವಿಸಿದ್ದ ಎಲ್ಲಿ ಹೋದ?

ಹುಲುಗಮ್ಮ

●

ಚಿತ್ತವಾಡ್ಗಿ
2 ಸೆಪ್ಟೆಂಬರ್ 1998

ಹುಲುಗಮ್ಮ,

ನಿನ್ನ ನೋಟ್‌ಬುಕ್ ಓದಿದೆ. ಇನ್ನು ಮೇಲೆ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ, ಸಂಜೆ ಐದರಿಂದ ಆರರವರೆಗೆ ಯಂತ್ರ ಪೂರ್ತಿ ಆಫ್ ಮಾಡಿಡು. ಆಫ್ ಇದ್ದಾಗ ಮುಳ್ಳು ಪಕ್ಕಕ್ಕೆ ಸರಿದು ಮಲಗಿರುತ್ತದೆ, ತಟ್ಟೆಗೆ ಏನೂ ಆಗದು. ಕರೆಂಟಿನ ಏರುಪೇರು, ಬೇರೇನಿಲ್ಲ. ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಇಷ್ಟು ಮಾಡು, ಸರಿಹೋಗುತ್ತದೆ.

ಗ

●

ಹುಣಸೇಗುಡ್ಡ
16 ಸೆಪ್ಟೆಂಬರ್ 1998

ಕಂಪ್ಯೂಟರ್ ರಿಪೇರಿಯ ಶ್ರೀ ಗವಿಸಿದ್ದಪ್ಪನವರಿಗೆ,

ತಾವು ಹೇಳಿದ ಹಾಗೆ ಮಾಡಿದೆ. ಸರಿಹೋಯಿತು. ಒಂಬತ್ತು ದಿನ ಒಂದೂ ಎರರ್ ಇಲ್ಲ.

ಹತ್ತನೆಯ ದಿನ, ಮೊನ್ನೆ ಸೋಮವಾರ, ಹೇಳಿಕೆಯೊಂದರ ಭರದಲ್ಲಿ ಹೊತ್ತು ನೋಡಲಿಲ್ಲ. ಸೈರನ್ ಆಯಿತು. ನಮ್ಮೂರಲ್ಲಿ ಸೈರನ್ ಆದರೆ ಹೆಂಗಸರು ಏನು ಮಾಡುತ್ತಾರೆ ಗೊತ್ತೇ? ಎಲ್ಲಿದ್ದರೂ ಎದ್ದು ಹಲಗೆ ಮೇಲಿನ ಗಡಿಗೆಗೆ ಕೈ ಕೊಡುತ್ತೇವೆ. ಬ್ಲಾಸ್ಟಿಂಗ್ ಆಗುತ್ತದೆ, ಹಲಗೆ ಗದಗದ ಎನ್ನುತ್ತದೆ, ನಿಲ್ಲುತ್ತದೆ, ಕೈ ಬಿಟ್ಟು ಬಂದು ಕೂರುತ್ತೇವೆ. ಹನ್ನೊಂದು ವರ್ಷದಿಂದ ದಿನಕ್ಕೆರಡು ಸಲ. ಸೆರಗು ಸರಿಮಾಡಿಕೊಂಡಷ್ಟೇ ಸಲೀಸು. ಯಾರೂ ಅದನ್ನು ಹೇಳುವುದಿಲ್ಲ, ಯಾರೂ ಬರೆಯುವುದಿಲ್ಲ. ನಲವತ್ತಮೂರು ಮನೆಯ ಹೇಳಿಕೆಯಲ್ಲಿ ಒಂದರಲ್ಲೂ ಈ ಮಾತು ಬಂದಿಲ್ಲ.

ಯಮನಮ್ಮನಿಗೆ ಬೆರಳು ಮಡಚುವುದಿಲ್ಲವಲ್ಲ, ಅವಳು ಮೊಣಕೈಯಲ್ಲಿ ಗಡಿಗೆ ಅವಚಿಕೊಳ್ಳುತ್ತಾಳೆ. ಅಂದು ನನ್ನ ಮನೆಗೆ ಬಂದಿದ್ದವಳು, ಹಾಗೆ ಅವಚಿಕೊಂಡು ನಿಂತೇ ಹಲಗೆಯ ಈ ತುದಿ ನೋಡಿದಳು. "ಲೇ ಹುಲುಗಿ, ಎರಡ್ರುಪಾಯಿ ಗಡಿಗಿ ಹಿಡ್ಕಂಡಿ, ಆ ಡಬ್ಬಿ ಯಾಕ ಬಿಟ್ಟಿ? ಅದೇನು ಹಲಗಿಗೇ ಹುಟ್ಟೇತೇನು?"

ಅಷ್ಟರಲ್ಲಿ ಗುಡ್ಡ ಸಿಡಿಯಿತು. ಹಲಗೆ ನಡುಗಿತು. ಪರದೆ ನೀಲಿ.

ನನಗೆ ನನ್ನ ಮೇಲೇ ಅಸಹ್ಯವಾಯಿತು. ಊರೆಲ್ಲ ಸುತ್ತಿ ಬೇರೆಯವರ ಬಿರುಕು ಅಳೆದು ಬರೆದವಳು ನಾನು. ನನ್ನದು ಸಿಮೆಂಟಿನ ಜನತಾ ಮನೆ, ಗೋಡೆಗೆ ಒಂದು ಗೆರೆಯೂ ಇಲ್ಲ, ಹಾಗಾಗಿ ಬ್ಲಾಸ್ಟಿಂಗ್ ನನ್ನ ಮನೆಗೆ ಬಂದೇ ಇಲ್ಲ ಎಂದುಕೊಂಡಿದ್ದೆ. ಯಂತ್ರದ ರೋಗ ಯಂತ್ರ ಬಲ್ಲವರಿಗೇ ತಿಳಿಯುವುದೆಂದು ನಿನ್ನ ಕುಂಕುಮ, ಧೂಳು, ಕೌದಿ, ಕರೆಂಟು ಎಲ್ಲವನ್ನೂ ನಂಬಿದೆ.

ಆಮೇಲೆ ನಿನ್ನ ಕಾಗದ ಮತ್ತೆ ತೆಗೆದು ಓದಿದೆ. ಸಂಜೆ ಐದರಿಂದ ಆರು. ಸಂಜೆ ನಾಲ್ಕರಿಂದ ಏಳರವರೆಗೆ ನಮ್ಮೂರಲ್ಲಿ ಕರೆಂಟೇ ಇಲ್ಲ ಎಂದು ಜುಲೈಯಲ್ಲೇ ಬರೆದಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ಸಂಜೆಯ ಎರರ್ ಒಂದೂ ಇಲ್ಲ. ಐದೂವರೆಯ ಬ್ಲಾಸ್ಟಿಂಗ್ ಬಗ್ಗೆ ನಾನು ಒಂದಕ್ಷರ ಬರೆದಿಲ್ಲ. ಚಿತ್ತವಾಡ್ಗಿಯಲ್ಲಿ ಕುಳಿತವನಿಗೆ ಅದು ಹೇಗೆ ಗೊತ್ತಾಯಿತು?

ಗಣಿ ಕಚೇರಿಯ ಕಂಪ್ಯೂಟರುಗಳನ್ನು ರಿಪೇರಿ ಮಾಡುವವರು ಯಾರು?

ಹುಲುಗಮ್ಮ

●

ಹುಣಸೇಗುಡ್ಡ
12 ಅಕ್ಟೋಬರ್ 1998
(ಕಾರ್ಡು)

ಒಂದು ತಿಂಗಳಾಗುತ್ತ ಬಂತು. ಕೇಳಿದ್ದು ಒಂದೇ ಪ್ರಶ್ನೆ. ಕಾರ್ಡಿನಲ್ಲೇ ಕೇಳುತ್ತಿದ್ದೇನೆ, ಅಂಚೆಯವನೂ ಓದಲಿ.

ಹುಲುಗಮ್ಮ

●

ಚಿತ್ತವಾಡ್ಗಿ
25 ಅಕ್ಟೋಬರ್ 1998

ಹುಲುಗಮ್ಮ,

ನಾನೇ.

ನಾಲ್ಕು ವರ್ಷದಿಂದ ಗಣಿಯವರ ಎಲ್ಲ ಯಂತ್ರಗಳ ರಿಪೇರಿ ನನ್ನದು. ನಿಮ್ಮೂರಿನ ಅವರ ಕಚೇರಿಯಲ್ಲಿ ಕಳೆದ ವರ್ಷ ಮೂರು ಡಿಸ್ಕ್ ಸತ್ತವು. ಮೊದಲನೆಯದಕ್ಕೆ ನಾನೂ ಕರೆಂಟು ಎಂದೆ. ಎರಡನೆಯದಕ್ಕೆ ಧೂಳು ಎಂದೆ. ಮೂರನೆಯದಕ್ಕೆ ಅಲ್ಲೇ ಕುಳಿತಿದ್ದೆ, ಕಣ್ಣ ಮುಂದೆಯೇ ಹೋಯಿತು. ಕಾರಣ ಬರೆದುಕೊಟ್ಟೆ. ಮ್ಯಾನೇಜರ್ ಓದಿ ಒಪ್ಪಿ ಸಹಿ ಹಾಕಿ, ನಾಲ್ಕೇ ದಿನದಲ್ಲಿ ಎಲ್ಲ ಯಂತ್ರ ಹೊಸಪೇಟೆಗೆ ಸಾಗಿಸಿದ. ಆ ವರದಿಯ ಕಾರ್ಬನ್ ಪ್ರತಿ ನನ್ನ ಅಂಗಡಿಯ ಡ್ರಾಯರಿನಲ್ಲಿದೆ.

ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಅನುಮಾನ. ಆಗಸ್ಟಿನ ನೋಟ್‌ಬುಕ್ ಓದಿದ ಮೇಲೆ ಅನುಮಾನ ಉಳಿಯಲಿಲ್ಲ. ಹೇಳಿದರೆ ನೀನು ಸುಮ್ಮನಿರುವವಳಲ್ಲ. ಯಂತ್ರ ಉಳಿಯುವ ದಾರಿ ಮಾತ್ರ ಹೇಳಿ, ಉಳಿದದ್ದು ನುಂಗಿಕೊಂಡೆ. ಅದಕ್ಕೇ ಊರಿಗೆ ಬರಲಿಲ್ಲ. ಆ ಹಲಗೆ ಮುಂದೆ ನಿಂತು ನಿನ್ನ ಮುಖ ನೋಡಿ ಕುಂಕುಮ ಎನ್ನಲು ನನಗೂ ಬಾಯಿ ಬರುತ್ತಿರಲಿಲ್ಲ.

ಆ ಕಾಗದ ಕೇಳಬೇಡ. ಗಣಿಯ ಕೆಲಸ ಹೋದರೆ ಈ ಅಂಗಡಿಗೆ ಬಾಗಿಲು. ನೀನು ಒಬ್ಬಳೇ, ಹೊಲಿಗೆ ಮೆಷಿನ್ ಹೊತ್ತು ಎಲ್ಲಿ ಬೇಕಾದರೂ ಕೂರಬಲ್ಲೆ. ನನಗೆ ಮನೆ ಇದೆ.

ಗವಿಸಿದ್ದಪ್ಪ

●

ಹುಣಸೇಗುಡ್ಡ
2 ನವೆಂಬರ್ 1998

ಗವಿಸಿದ್ದಪ್ಪ,

ನಿನಗೆ ಮನೆ ಇದೆ. ಸರಿ. ನಮಗೆ ನಲವತ್ತಮೂರಿವೆ, ಬಿರುಕು ಬಿಟ್ಟವು.

ಆ ಯಂತ್ರ ಸಾಗಿಸಿದ ದಿನ ನನಗೆ ನೆನಪಿದೆ. ಲಾರಿಯಲ್ಲಿ ಹತ್ತಿ ಹಾಸಿಗೆ ಹಾಸಿ, ಬಾಣಂತಿಯನ್ನು ಮಲಗಿಸಿದ ಹಾಗೆ ಮಲಗಿಸಿಕೊಂಡು ಹೋದರು. ಡ್ರೈವರಿಗೆ, "ನಿಧಾನಕ್ಕ ಹೋಗಲೇ, ಕುಲುಕಿದ್ರ ಕೆಡ್ತಾವು" ಎಂದು ಮ್ಯಾನೇಜರ್ ಕೂಗಿ ಹೇಳಿದ. ನಾವು ರಸ್ತೆ ಬದಿ ನಿಂತು, ಹೊಸಪೇಟೆಯಲ್ಲಿ ದೊಡ್ಡ ಆಫೀಸು ಮಾಡಿರಬೇಕು ಎಂದು ಮಾತಾಡಿಕೊಂಡೆವು. ಆ ಕಚೇರಿ ಕಾಂಕ್ರೀಟಿನದು, ಗುಡ್ಡದಿಂದ ನನ್ನ ಮನೆಗಿಂತ ಎರಡು ಫರ್ಲಾಂಗು ದೂರ. ಅಲ್ಲಿ ಡಬ್ಬಿ ಬಾಳಲಾರದು ಎಂದು ನೀನು ಬರೆದುಕೊಟ್ಟೆ. ಅದಕ್ಕಿಂತ ಹತ್ತಿರದಲ್ಲಿ ಮಣ್ಣಿನ ಗೋಡೆಯ ಕೆಳಗೆ ಕೂಸು ಮಲಗಿಸುವವರ ಬಗ್ಗೆ ಒಂದು ಸಾಲು ಬರೆಯಲು ನಿನ್ನ ಪೆನ್ನಿಗೆ ಶಾಯಿ ಇರಲಿಲ್ಲ. ಮೂರು ಡಬ್ಬಿ ಸತ್ತಿದ್ದಕ್ಕೆ ನಾಲ್ಕು ದಿನದಲ್ಲಿ ನ್ಯಾಯ ಸಿಕ್ಕಿತು. ಯಮನಮ್ಮನ ಕೈಗೆ ಎರಡು ವರ್ಷವಾದರೂ ಒಂದು ತಾರೀಖು ಸಿಕ್ಕಿದ್ದೇ ಹೆಚ್ಚು.

ಜಾಥಾ ಮುಗಿದು ನಮ್ಮನ್ನೆಲ್ಲ ಜೈಲಿನಲ್ಲಿಟ್ಟ ಹದಿನಾರು ದಿನ ಗಂಡಸರ ಕಡೆಯಿಂದ ಘೋಷಣೆ ಕೂಗುವ ನಿನ್ನ ಧ್ವನಿಯೇ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿತ್ತು. ಗೋಡೆಯ ಈಚೆ ನಾವು ಅದನ್ನು ಕೇಳಿ ಮಲಗುತ್ತಿದ್ದೆವು. ಇದನ್ನು ಈಗ ಹೇಳಿ ನಿನ್ನನ್ನು ಅಳಿಸಬೇಕೆಂದಿಲ್ಲ. ಆ ಧ್ವನಿಗೆ ನಾಲ್ಕು ತಿಂಗಳು ಕುಂಕುಮ ಎಂದು ಹೇಳಲು ಬಂತಲ್ಲ, ಅದಕ್ಕೆ ಬರೆದೆ.

ನಾನು ಬೇಡುವುದಿಲ್ಲ. ಹೇಳಿಕೆಗಳನ್ನು ಮುಗಿಸುತ್ತಿದ್ದೇನೆ. ಯಮನಮ್ಮ ಮೂರನೆಯ ಸಲ ಕುಳಿತಳು. "ಆ ಡಬ್ಬಿಗೂ ನನ್ನಂಗ ಗಾಯ ಆಗೇತಂದ್ರ ಹೇಳ್ತೀನಿ ತಗೋ" ಎಂದಳು. ವಿಚಾರಣೆ ಡಿಸೆಂಬರ್ 9, ಬುಧವಾರ, ಬೆಳಗ್ಗೆ ಹನ್ನೊಂದಕ್ಕೆ, ನಮ್ಮೂರ ಶಾಲೆಯಲ್ಲಿ. ಬಾ ಎಂದು ಕರೆಯಲು ಇದನ್ನು ಬರೆದಿಲ್ಲ. ತಾರೀಖು ತಿಳಿದಿರಲಿ ಎಂದು.

ಹುಲುಗಮ್ಮ

●

(ರಿಜಿಸ್ಟರ್ ಲಕೋಟೆ. ಅಂಚೆ ಮುದ್ರೆ: ಹೊಸಪೇಟೆ, 4 ಡಿಸೆಂಬರ್ 1998. ಒಳಗೆ ಕಾಗದವಿಲ್ಲ, ಇದೊಂದೇ ಹಾಳೆ.)

ರಿಪೇರಿ ವರದಿ: ಅಂಗಡಿಯ ಪ್ರತಿ
17 ಮಾರ್ಚ್ 1997

ಸ್ಥಳ: ಗಣಿ ಕಚೇರಿ, ಹುಣಸೇಗುಡ್ಡ.
ದೂರು: ಹಾರ್ಡ್ ಡಿಸ್ಕ್ ಎರರ್, ಮೂರನೆಯ ಸಲ.
ಕಂಡದ್ದು: ಮಧ್ಯಾಹ್ನ 12.30 ಮತ್ತು ಸಂಜೆ 5.30ರ ಬ್ಲಾಸ್ಟಿಂಗ್ ಹೊತ್ತಿನಲ್ಲಿ ಮಾತ್ರ ಕೆಡುತ್ತದೆ. ಕರೆಂಟು ಜನರೇಟರಿನದು, ಏರುಪೇರಿಲ್ಲ. ಕಟ್ಟಡ ಕಾಂಕ್ರೀಟಿನದಾದರೂ ಮೇಜು ಅದುರುತ್ತದೆ. ಮಂಗಳವಾರ ಗಣಿಗೆ ರಜೆ, ಅಂದು ಎರರ್ ಇಲ್ಲ.
ಸಲಹೆ: ಬ್ಲಾಸ್ಟಿಂಗ್ ಇರುವ ತನಕ ಈ ಊರಿನಲ್ಲಿ ಯಂತ್ರ ಇಡುವುದು ಕ್ಷೇಮವಲ್ಲ. ಬೇರೆ ಊರಿಗೆ ಸಾಗಿಸಬೇಕು.
ರಿಪೇರಿ ಮಾಡಿದವರು: ಗವಿಸಿದ್ದಪ್ಪ, ಚಿತ್ತವಾಡ್ಗಿ.

ಓದಿ ಒಪ್ಪಿದೆ. ಕೂಡಲೇ ಸಾಗಿಸುವುದು.
(ಸಹಿ) ಮ್ಯಾನೇಜರ್. ಕಚೇರಿಯ ಮೊಹರು.

●

ಹುಣಸೇಗುಡ್ಡ
11 ಡಿಸೆಂಬರ್ 1998

ಗವಿಸಿದ್ದಣ್ಣನಿಗೆ,

ಲಕೋಟೆ ಸೋಮವಾರ ಮುಟ್ಟಿತು. ನಿನ್ನ ಹೆಸರಿರುವ ಸಾಲನ್ನು ಹರಿದು ಕಳಿಸಬಹುದಿತ್ತು. ಹರಿಯಲಿಲ್ಲ. ಅದನ್ನು ಮೊದಲು ನೋಡಿದೆ, ಆಮೇಲೆ ಉಳಿದದ್ದು.

ನಡೆದದ್ದು ಹೇಳುತ್ತೇನೆ. ನಲವತ್ತಮೂರು ಹೇಳಿಕೆಯನ್ನೂ ಸಂಡೂರಿನಲ್ಲಿ ಮುದ್ರಿಸಿ, ಮೂರು ಪ್ರತಿ ಕಟ್ಟಿಕೊಂಡು ಹೋದೆ. ಲ್ಯಾಪ್‌ಟಾಪನ್ನೂ ಒಯ್ದು ಮೇಷ್ಟರ ಮೇಜಿನ ಮೇಲಿಟ್ಟೆ. ಅಧಿಕಾರಿ ತಡವಾಗಿ ಬಂದರು. ಮ್ಯಾನೇಜರ್ ಇಸ್ತ್ರಿ ಅಂಗಿಯಲ್ಲಿ ಅವರ ಪಕ್ಕ ಕುಳಿತ. ಇಬ್ಬರಿಗೂ ಗಾಜಿನ ಲೋಟದಲ್ಲಿ ಚಹಾ. ಹೆಂಗಸರೆಲ್ಲ ನೆಲದ ಮೇಲೆ. ಒಬ್ಬೊಬ್ಬರನ್ನೇ ಕೇಳಿದರು, ಒಬ್ಬೊಬ್ಬರೇ ಎದ್ದು ಹೇಳಿದರು. ಎಲ್ಲದಕ್ಕೂ ಮ್ಯಾನೇಜರನದು ಒಂದೇ ಉತ್ತರ: "ಬ್ಲಾಸ್ಟಿಂಗ್ ಊರಿಗೆ ತಟ್ಟೋದೇ ಇಲ್ಲ ಸರ್. ಮಣ್ಣಿನ ಗೋಡೆ, ಮಳೆಗೆ ಬಿರುಕು ಬಿಡ್ತಾವೆ. ಬೇಕಾದ್ರೆ ಇವತ್ತು ಇಲ್ಲೇ ಕೂತು ನೋಡಿ, ಏನಾದ್ರೂ ಗೊತ್ತಾಗುತ್ತಾ?" ಆ ದಿನ ಬ್ಲಾಸ್ಟಿಂಗ್ ಇಲ್ಲವೆಂದು ಹಿಂದಿನ ದಿನವೇ ಒಳಗೊಳಗೆ ಹೇಳಿಟ್ಟಿದ್ದರು. ಅದು ಆಮೇಲೆ ತಿಳಿಯಿತು.

ಸೈರನ್ ಊದುವ ಗಾಳೆಪ್ಪನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವನು ಗಡಿಯಾರ ನೋಡುವವನು. ಹನ್ನೆರಡೂವರೆಗೆ ಊದಿದ.

ಯಾರೂ ಯೋಚಿಸಲಿಲ್ಲ, ಅಣ್ಣಾ. ನಲವತ್ತು ಹೆಂಗಸರು ಒಟ್ಟಿಗೆ ಎದ್ದರು. ಒಬ್ಬಳು ಮೂಲೆಯ ನೀರಿನ ಗಡಿಗೆಗೆ ಕೈ ಕೊಟ್ಟಳು. ಮರುಳಸಿದ್ದಮ್ಮ ಗೋಡೆಯ ಗಡಿಯಾರ ಹಿಡಿದಳು. ಇನ್ನಿಬ್ಬರು ಸೀಮೆಸುಣ್ಣದ ಡಬ್ಬಿ ಇದ್ದ ಹಲಗೆ ಒತ್ತಿ ಹಿಡಿದರು. ಹಿಡಿಯಲು ಏನೂ ಸಿಗದವರು ಗೋಡೆಯನ್ನೇ ಹಿಡಿದರು. ಯಮನಮ್ಮ ಓಡಿಬಂದು ಲ್ಯಾಪ್‌ಟಾಪನ್ನು ಮೊಣಕೈಯಲ್ಲಿ ಎದೆಗೆ ಅವಚಿಕೊಂಡಳು. ಒಂದು ಮಾತಿಲ್ಲ, ಒಂದು ಘೋಷಣೆಯಿಲ್ಲ. ನೀನೂ ನಾನೂ ಎಷ್ಟು ಘೋಷಣೆ ಕೂಗಿದ್ದೇವೆ, ಈ ಸದ್ದು ನಾನು ಎಂದೂ ಕೇಳಿರಲಿಲ್ಲ.

ಅಧಿಕಾರಿ ಗಾಬರಿಯಾಗಿ, "ಏನ್ರಮ್ಮಾ ಇದು? ಏನು ಮಾಡ್ತಿದ್ದೀರಿ?" ಎಂದರು.

ಯಮನಮ್ಮ ಹೇಳಿದಳು: "ಏನಿಲ್ರಿ ಸಾಹೇಬ್ರ. ಹೊತ್ತಾತು, ಹಿಡ್ಕಂಡೀವಿ. ಅಗಾ, ಮ್ಯಾನೇಜರ್ ಸಾಹೇಬ್ರೂ ಹಿಡ್ಕಂಡಾರ ನೋಡ್ರಿ."

ಎಲ್ಲರೂ ನೋಡಿದರು. ಮ್ಯಾನೇಜರನ ಎರಡೂ ಕೈ ಎರಡು ಚಹಾ ಲೋಟದ ಮೇಲೆ. ತನ್ನದರ ಮೇಲೆ ಒಂದು, ಅಧಿಕಾರಿಯದರ ಮೇಲೆ ಇನ್ನೊಂದು. ಅವನೂ ಹನ್ನೊಂದು ವರ್ಷ ನಮ್ಮೂರಲ್ಲಿ ಚಹಾ ಕುಡಿದವನಲ್ಲವೇ!

ಬಿಡಲೂ ಆಗದೆ ಹಿಡಿಯಲೂ ಆಗದೆ ಕುಳಿತ. ಅರ್ಧ ನಿಮಿಷ ಹೋಯಿತು, ಗುಡ್ಡ ಸಿಡಿಯಲಿಲ್ಲ. "ಬಿಡ್ರಿ ಸಾಹೇಬ್ರ, ಇವತ್ತು ಹಾರ್ಸಂಗಿಲ್ಲ ಕಾಣ್ತತಿ. ಚಾ ಆರ್ತತಿ, ಕುಡೀರಿ" ಎಂದಳು ಯಮನಮ್ಮ. ಶಾಲೆಯ ಸೂರು ಹಾರುವಂತೆ ನಕ್ಕೆವು.

ಆಗ ನಿನ್ನ ಹಾಳೆ ಇಟ್ಟೆ. ಅಧಿಕಾರಿ ಗಟ್ಟಿಯಾಗಿ ಓದಿಸಿದರು. "ಇದು ನಿಮ್ಮ ಸಹಿಯೇ?" ಎಂದು ಮ್ಯಾನೇಜರನನ್ನು ಕೇಳಿದರು. ಅವನು ಉತ್ತರಿಸುವ ಮೊದಲು ನಿನ್ನ ಹೆಸರನ್ನು ಎರಡು ಸಲ ಓದಿಕೊಂಡ. ಅದನ್ನು ನಾನು ನೋಡಿದೆ, ನಿನಗೆ ಹೇಳಬೇಕು.

ನೆಲದ ನಡುಕ ಅಳೆಯುವ ಯಂತ್ರ ತರಿಸಿ, ಮನೆಯೊಳಗಿಟ್ಟು ಅಳೆಯುವ ತನಕ ಬ್ಲಾಸ್ಟಿಂಗ್ ನಿಲ್ಲಿಸಬೇಕೆಂದು ಬರೆದುಕೊಟ್ಟಿದ್ದಾರೆ. ಗೆದ್ದೆವೆಂದು ಬರೆಯಲಾರೆ. ನಿಂತಿದೆ, ಅಷ್ಟೆ.

ಸಂಗಮ್ಮನಿಗೆ ಕೇಳಿದೆನೆಂದು ಹೇಳು.

ಹುಲುಗಮ್ಮ

●

ಹುಣಸೇಗುಡ್ಡ
5 ಜನವರಿ 1999
(ಕಾರ್ಡು)

ಇಪ್ಪತ್ತಾರು ದಿನ ಸುಮ್ಮನಿದ್ದು, ನಿನ್ನೆಯಿಂದ ಮತ್ತೆ ಸುರುಮಾಡಿದ್ದಾರೆ. ಅಳೆಯುವವರು ಸೋಮವಾರ ಹನ್ನೊಂದನೆಯ ತಾರೀಖು ಬರುತ್ತಾರಂತೆ, ಅವರಿಗೂ ಅಳೆಯಲು ಏನಾದರೂ ಬೇಕಲ್ಲ ಎನ್ನುತ್ತಾನೆ ಮ್ಯಾನೇಜರ್. ಹನ್ನೆರಡೂವರೆಗೆ ನನ್ನ ಮನೆಯಲ್ಲೇ ಯಂತ್ರ ಇಡುವುದು. ನಿನ್ನೆ ಡಿಸ್ಕಿನಲ್ಲಿ ಆರು ಹೊಸ ಬದು.

ಹುಲುಗಮ್ಮ

●

ಚಿತ್ತವಾಡ್ಗಿ
7 ಜನವರಿ 1999

ತಂಗಿ,

ಹೊಸ ವರ್ಷದಿಂದ ಗಣಿಯವರು ಬೇರೆ ರಿಪೇರಿಯವನನ್ನು ಕರೆದುಕೊಂಡಿದ್ದಾರೆ. ಅವನು ಮೊನ್ನೆ ನನ್ನ ಹತ್ತಿರವೇ ಸ್ಕ್ರೂಡ್ರೈವರ್ ಕೇಳಲು ಬಂದಿದ್ದ. ಕೊಟ್ಟೆ.

ಅದು ಗೊತ್ತಾದ ಮೇಲೆ ಸಂಗಮ್ಮ ನಿನ್ನ ಕಾಗದಗಳನ್ನೆಲ್ಲ ಡ್ರಾಯರಿನಿಂದ ತೆಗೆದು, ಜೂನಿನಿಂದ ಒಂದೊಂದೇ ಓದಿದಳು. ಓದಿ ಮುಗಿಸಿ, "ನಾಕು ತಿಂಗ್ಳು ಆಕಿಗೆ ಕುಂಕ್ಮ ಕುಂಕ್ಮ ಅಂತ ಬರದೀರಲ್ಲ, ಕೈ ಹೆಂಗ ಬಂತ್ರಿ ನಿಮಗ? ಹೋಗಿ ಬರ್ರಿ. ಅಂಗಡಿ ನಾ ನೋಡ್ಕಂತೀನಿ" ಎಂದಳು.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಹೊಸ ಡಿಸ್ಕ್ ತರುತ್ತೇನೆ, ಆದರೆ ಹನ್ನೆರಡೂವರೆಗೆ ಮೊದಲು ಹಾಕುವುದಿಲ್ಲ. ಹೇಳಿಕೆಗಳನ್ನೆಲ್ಲ ಫ್ಲಾಪಿಗೆ ಇಳಿಸಿ ಬೇರೆ ಮನೆಯಲ್ಲಿಡು, ಹಳೆಯ ಡಿಸ್ಕನ್ನು ಹಲಗೆ ಮೇಲೇ ಓಡುತ್ತಿರಲು ಬಿಡು. ಅಳೆಯುವವರ ಕಣ್ಣ ಮುಂದೆ ಅದು ನೀಲಿಯಾಗಲಿ. ಯಾಕೆ ನೀಲಿಯಾಯಿತೆಂದು ಅವರಿಗೆ ನಾನು ಹೇಳುತ್ತೇನೆ, ಬಾಯಿಬಿಟ್ಟು.

ಯಮನಮ್ಮನ ಗಡಿಗೆ ಯಾವುದೆಂದು ತೋರಿಸು. ಸೈರನ್ ಆದಾಗ ಅದನ್ನು ನಾನು ಹಿಡಿಯುತ್ತೇನೆ.

ನಿನ್ನ ಅಣ್ಣ,
ಗವಿಸಿದ್ದ